ಮಳೆ ಬಂದ್ರ ಯಾರು ಎತ್ತಿಡರು?

ಮೈಸೂರಲ್ಲಿ ಅರಮನೆ ನೋಡಿದ್ದೀರಾ ಅಂತ ಯಾರನ್ನು ಕೇಳಿದರೂ ಹೂಂ ಅಂತಾರೆ. ನೋಡಿರೋದು ಮಾತ್ರ ಒಂದೇ. ಭಾನುವಾರ ಸಂಜೆ ದೀಪ ಹತ್ತಿಸ್ತಾರಲ್ಲ, ಅದು. ಮಾನಸಗಂಗೋತ್ರಿಯ ಒಳಗೆ, ಕುಕ್ಕರಹಳ್ಳಿ ಕೆರೆಗೆ ಹತ್ತಿರದ ದಿಬ್ಬದ ಮೇಲೆ ಇನ್ನೊಂದಿದೆ, ಜಯಲಕ್ಷ್ಮೀವಿಲಾಸ. ಅದರ ಮುಂದೆ ಸೆಲ್ಫಿಗೆ ಕ್ಯೂ ಇರಲ್ಲ. ಕೆರೆ ಏರಿ ಮೇಲೆ ವಾಕಿಂಗ್ ಮಾಡೋರಲ್ಲೇ ಎಷ್ಟೋ ಜನಕ್ಕೆ ಅದು ಗೊತ್ತಿರಲಿಕ್ಕಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ್ ತಮ್ಮ ಅಕ್ಕ ಜಯಲಕ್ಷ್ಮಮ್ಮಣ್ಣಿ ಅವರಿಗಾಗಿ 1905ರಲ್ಲಿ ಕಟ್ಟಿಸಿದ ಮನೆ ಅದು. ಆಕೆಯ ಗಂಡ ಕಾಂತರಾಜ ಅರಸರು ಮುಂದೆ ಮೈಸೂರಿನ ದಿವಾನರಾದರು. ಮುಂಭಾಗದಲ್ಲಿ ಎತ್ತರದ ಜೋಡಿ ಕಂಬ, ಒಳಗೆ ನೂರಕ್ಕೂ ಹೆಚ್ಚು ಕೋಣೆ, ಕೆತ್ತನೆಯ ಬಾಗಿಲು, ಬಣ್ಣದ ಗಾಜು. ಆ ಕಾಲಕ್ಕೆ 7 ಲಕ್ಷ ರೂಪಾಯಿ ಆಯಿತು ಅಂತಾರೆ. ಇವತ್ತು ಬೆಂಗಳೂರಲ್ಲಿ ಆ ದುಡ್ಡಿಗೆ ಫ್ಲ್ಯಾಟ್‌ನ ಕಾರ್ ಪಾರ್ಕಿಂಗ್ ಸಿಕ್ಕರೆ ಪುಣ್ಯ.

ಸ್ವಾತಂತ್ರ್ಯ ಬಂದಮೇಲೆ, ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ ಈ ಬಂಗಲೆ ವಿಶ್ವವಿದ್ಯಾಲಯದ ಪಾಲಿಗೆ ಬಂತು. ಅರವತ್ತರ ದಶಕದ ಕೊನೆಗೆ ಒಳಗೆ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಇಂಥವರು ಊರೂರು ಅಲೆದು ಸಾಮಾನು ಹೊತ್ತು ತಂದರು. ತೊಗಲುಗೊಂಬೆ, ಸೋಮನ ಮುಖ, ವೇಷದ ಕಿರೀಟ, ನೇಗಿಲು, ಮೊರ, ಅಡುಗೆ ಪಾತ್ರೆ, ಎಲ್ಲ ಸೇರಿ ಆರು ಸಾವಿರಕ್ಕೂ ಹೆಚ್ಚು.

ನನಗೆ ಇಲ್ಲಿನ ವಿಷಯ ಇಷ್ಟವಾಗೋದು ಅದಕ್ಕೇ. ರಾಜನ ಅಕ್ಕ ಮಲಗುತ್ತಿದ್ದ ಮನೆಯೊಳಗೆ ನಮ್ಮಂಥವರ ಮನೆಯ ಮೊರ ಬಂದು ಕೂತಿದೆ! ಬೇರೆ ಅರಮನೆಗಳಲ್ಲಿ ನಾವು ಟಿಕೆಟ್ ಕೊಟ್ಟು ಅವರ ಬೆಳ್ಳಿ ಕುರ್ಚಿ ನೋಡಿ ಬರುತ್ತೇವೆ. ಇಲ್ಲಿ ನೋಡೋಕಿದ್ದದ್ದು ನಮ್ಮದೇ ಸಾಮಾನು.

ನಮ್ಮದು ಬದನಗುಪ್ಪೆ. ಮೈಸೂರಿಂದ ಚಾಮರಾಜನಗರದ ರೈಲು ಹತ್ತಿದರೆ ನಂಜನಗೂಡು, ಕವಲಂದೆ ಎಲ್ಲ ದಾಟಿ, ಇನ್ನೇನು ಚಾಮರಾಜನಗರ ಬಂತು ಅನ್ನುವಾಗ ಸಿಗುವ ಸಣ್ಣ ಸ್ಟೇಷನ್. ಈಗ ಊರಿನ ಹೆಸರು ಹೇಳಿದರೆ ಜನಕ್ಕೆ ನೆನಪಾಗೋದು ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ. ನಾನು ಬಿಇ ಓದೋಕೆ ಮೈಸೂರಿಗೆ ಬಂದಾಗ ಮ್ಯೂಸಿಯಂ ಸುತ್ತಿ ಹೋಗಿ ಮನೆಯಲ್ಲಿ ಹೇಳಿದ್ದೆ, "ಅವ್ವ, ನಮ್ಮ ಅಟ್ಟದ ಮೇಲಿರೋದೆಲ್ಲ ಅಲ್ಲಿ ಅರಮನೆಲಿ ಇಟ್ಟವ್ರೆ" ಅಂತ. ಅವ್ವ ನಂಬಿರಲಿಲ್ಲ.

ಮೊನ್ನೆ ಅವ್ವನಿಗೆ ಕಣ್ಣಿನ ತಪಾಸಣೆ ಇತ್ತು. ಮುಗಿಸಿಕೊಂಡು ಸಂಜೆ ರೈಲಿಗೆ ಇನ್ನೂ ಹೊತ್ತಿತ್ತು, ಆಟೋ ಮಾಡಿಕೊಂಡು ಗಂಗೋತ್ರಿಗೆ ಹೋದೆವು. ಒಳಗೆ ಹೋಗೋ ಉದ್ದೇಶ ಇರಲಿಲ್ಲ, ಅವ್ವನಿಗೆ ಮೆಟ್ಟಿಲು ಹತ್ತೋಕಾಗಲ್ಲ. ಮರದ ನೆರಳಲ್ಲಿ ನಿಂತು ಹೊರಗಿಂದ ನೋಡಿದೆವು. ನಾನು ಕಂಬ, ಗಾರೆ ಕೆಲಸ, 1905, ಕಾಂತರಾಜ ಅರಸ್ ಅಂತ ಗೈಡ್ ಥರ ಒಪ್ಪಿಸ್ತಾ ಇದ್ದೆ. ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು:

"ಅಲ್ಲ ಕನ ಮಗ, ಇಷ್ಟ್ ದೊಡ್ಡ ಮನ ಕಟ್ಟುದ್ರಲ್ಲ, ದಿನಾ ಕಸ ಹೊಡ್ಯೋರು ಯಾರು?"

ನಗು ಬಂತು. ಆಮೇಲೆ ಯೋಚನೆ ಮಾಡಿದರೆ ಈ ಕಟ್ಟಡದ ಇಡೀ ಕಥೆ ಆ ಪ್ರಶ್ನೆಯಲ್ಲೇ ಇದೆ.

ಈ ಬಂಗಲೆಗೆ ದುಡ್ಡು ಬಂದೇ ಇಲ್ಲ ಅಂತಲ್ಲ. ಎರಡು ಸಾವಿರದ ದಶಕದ ಮೊದಲಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ದೊಡ್ಡ ಮೊತ್ತ ಕೊಟ್ಟು ದುರಸ್ತಿ ಮಾಡಿಸಿತು. ಕಟ್ಟಡ ಹೊಸದರಂತೆ ಆಯಿತು. ಆಮೇಲೆ ವರ್ಷಗಟ್ಟಲೆ ಮಳೆ ಬಿತ್ತು. ಚಾವಣಿ ಮತ್ತೆ ಸೋರಿತು. ಮತ್ತೆ ದುರಸ್ತಿಯ ಮಾತು, ಮತ್ತೆ ದಾನಿಗಳ ಹುಡುಕಾಟ. ಈಚೆಗೆ ಒಂದು ಪಾರ್ಶ್ವದ ಸಂರಕ್ಷಣೆಗೆ ಅಮೆರಿಕ ಸರ್ಕಾರದ ರಾಯಭಾರಿಗಳ ನಿಧಿಯಿಂದ ಹಣ ಬಂತು, ಡೆಕ್ಕನ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿತು. ನಮ್ಮ ಮೊರ, ನೇಗಿಲು ನೆನೆಯಬಾರದು ಅಂತ ವಾಷಿಂಗ್ಟನ್‌ನಿಂದ ದುಡ್ಡು!

ಹಳೇ ಕಾಲದ ಚಾವಣಿ ಅಂದರೆ ಮರದ ತೊಲೆ, ಇಟ್ಟಿಗೆ, ಸುಣ್ಣದ ಗಾರೆ. ಇದು ಒಂದೇ ದಿನ ಬೀಳಲ್ಲ. ಮೊದಲು ನೀರು ಹೋಗೋ ಕೊಳವೆಯಲ್ಲಿ ಎಲೆ ಕಟ್ಟಿಕೊಳ್ಳುತ್ತೆ. ನೀರು ನಿಲ್ಲುತ್ತೆ. ಗಾರೆ ಬಿರುಕಲ್ಲಿ ಇಳಿಯುತ್ತೆ. ಗೋಡೆಯೊಳಗೆ ಸೇರಿಕೊಂಡ ತೊಲೆಯ ತುದಿ ಹೊರಗೆ ಕಾಣದ ಹಾಗೆ ಕೊಳೆಯುತ್ತೆ. ಬಿರುಕಲ್ಲಿ ಅರಳಿ ಗಿಡ ಹುಟ್ಟುತ್ತೆ. ಮುಂಗಾರಿಗೆ ಮುಂಚೆ ಇಬ್ಬರು ಆಳು ಏಣಿ ಹಾಕಿ ಎಲೆ ತೆಗೆದು, ಗಿಡ ಕಿತ್ತು, ಬಿರುಕಿಗೆ ಗಾರೆ ಮೆತ್ತಿದರೆ ಕೋಟಿಯ ಕೆಲಸ ಸಾವಿರಗಳಲ್ಲಿ ಮುಗಿಯುತ್ತೆ. ಆದರೆ ಆ ಇಬ್ಬರು ಆಳಿಗೆ ಪ್ರತಿವರ್ಷ ಕೂಲಿ ಬೇಕು. ಎಲೆ ತೆಗೆದದ್ದಕ್ಕೆ ಯಾರೂ ಕಲ್ಲಿನ ಫಲಕ ಹಾಕಿಸಲ್ಲ, ಟೇಪು ಕತ್ತರಿಸಲ್ಲ.

ಸಾಫ್ಟ್‌ವೇರ್‌ನಲ್ಲಿರೋ ನಮಗೆ ಇದು ಹೊಸದಲ್ಲ. ಹೊಸ ಫೀಚರ್ ಲಾಂಚ್ ಆದರೆ ಕೇಕು, ಲಿಂಕ್ಡ್‌ಇನ್ ಪೋಸ್ಟು. ಹಳೇ ಸಿಸ್ಟಂನ ರಾತ್ರಿಯೆಲ್ಲ ಕಾಯ್ದುಕೊಂಡು, ಏನೂ ಆಗದಂತೆ ನೋಡಿಕೊಂಡವನಿಗೆ ಅಪ್ರೈಸಲ್‌ನಲ್ಲಿ "ಇಂಪ್ಯಾಕ್ಟ್ ಏನು?" ಅಂತ ಪ್ರಶ್ನೆ. ಬಜೆಟ್ ಕಡಿತ ಅಂದ ಕೂಡಲೇ ಮೊದಲು ಕತ್ತರಿ ಬೀಳೋದು ಮೇಂಟೆನೆನ್ಸ್‌ಗೆ. ಯಾಕಂದ್ರೆ ಇವತ್ತು ಕತ್ತರಿಸಿದರೆ ಇವತ್ತೇ ಏನೂ ಆಗಲ್ಲ. ಆಗೋದು ನಾಲ್ಕು ಮಳೆಗಾಲದ ಆಮೇಲೆ. ಅಷ್ಟೊತ್ತಿಗೆ ಕತ್ತರಿಸಿದವರು ಬೇರೆ ಟೀಮಿಗೆ ಹೋಗಿರುತ್ತಾರೆ.

ಇನ್ನು ಆ ಇಬ್ಬರು ಆಳಿಗೆ ಕೂಲಿ ಕೊಡಬೇಕಾದ ಯಜಮಾನನ ಕೈ ಹೇಗಿದೆ ನೋಡಿ. ಮೈಸೂರು ವಿಶ್ವವಿದ್ಯಾಲಯ 1916ರದ್ದು. ನೂರು ವರ್ಷ ದಾಟಿದ ಸಂಸ್ಥೆಗೆ ನಿವೃತ್ತರೂ ಜಾಸ್ತಿ. ಸರ್ಕಾರದಿಂದ ಬರೋದು ಸಾಲದೆ, ಪಿಂಚಣಿಗೆ ಸ್ವಂತ ಆದಾಯದಿಂದ ತೆಗೆದು ಕೊಡೋ ಸ್ಥಿತಿ ಬಂದಿದೆ. ಸ್ವಂತ ಆದಾಯ ಅಂದರೆ ಮುಖ್ಯವಾಗಿ ಕಾಲೇಜುಗಳ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕ. 2023ರ ಹೊತ್ತಿಗೆ ಹಾಸನ, ಮಂಡ್ಯ, ಚಾಮರಾಜನಗರಕ್ಕೆ ಬೇರೆ ಬೇರೆ ವಿಶ್ವವಿದ್ಯಾಲಯ ಆದವು, ಆ ಜಿಲ್ಲೆಗಳ ಕಾಲೇಜುಗಳು ಅತ್ತ ಹೋದವು. ಅವುಗಳ ಜೊತೆ ಶುಲ್ಕವೂ ಹೋಯಿತು. ಪಿಂಚಣಿ ಮಾತ್ರ ಇಲ್ಲೇ ಉಳಿಯಿತು.

ಸರಿ, ದುಡ್ಡು ಬಂದ ಕಡೆಯಾದರೂ ಚೆನ್ನಾಗಿದೆಯಾ? 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಕಡೆಗೆ ಒಲವು ತೋರಿಸಿತು. ಕಾರಣ, ಹಣವಿಲ್ಲ, ಕಟ್ಟಡವಿಲ್ಲ, ಸಿಬ್ಬಂದಿಯಿಲ್ಲ. ಪಟ್ಟಿಯಲ್ಲಿ ನಮ್ಮ ಚಾಮರಾಜನಗರವೂ ಇತ್ತು. ಊರಲ್ಲಿ ಎಂಎ, ಎಂಎಸ್ಸಿ ಓದೋ ಹೆಣ್ಣುಮಕ್ಕಳು ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾದ ದೂರದಲ್ಲಿ ಒಂದು ಕ್ಯಾಂಪಸ್ ಇರೋದು ಎಷ್ಟು ದೊಡ್ಡ ವಿಷಯ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೊಸದನ್ನು ಕಟ್ಟೋವಾಗ ನಡೆಸೋದಕ್ಕೆ ದುಡ್ಡು ಇಡಲಿಲ್ಲ. ಹಳೇದನ್ನು ನಡೆಸೋ ದುಡ್ಡು ಹೊಸದರ ಹೆಸರಲ್ಲಿ ಕರಗಿತು. ಅರಮನೆಗೂ ಸೋರಿಕೆ, ನಮ್ಮೂರ ಮಕ್ಕಳ ಕ್ಲಾಸಿಗೂ ಸೋರಿಕೆ. ಎರಡಕ್ಕೂ ರೋಗ ಒಂದೇ.

ಊರಿನ ಗೆಳೆಯನೊಬ್ಬನ ಹತ್ತಿರ ಇದನ್ನೆಲ್ಲ ಹೇಳಿದರೆ ಅವನು ರೇಗಿದ. "ಇಲ್ಲಿ ಪ್ರೈಮರಿ ಸ್ಕೂಲ್ ಹೆಂಚು ಬದಲಾಯ್ಸೋಕೆ ದುಡ್ಡಿಲ್ಲ, ನಿನಗೆ ಅರಮನೆ ಚಿಂತೆ ಕನ" ಅಂದ. ಅವನ ಮಾತನ್ನು ತಳ್ಳಿಹಾಕೋಕೆ ಆಗಲ್ಲ. ಶಾಲೆಯ ಹೆಂಚೋ ರಾಜಕುಮಾರಿ ಬಂಗಲೆಯ ಗಾರೆಯೋ ಅಂದರೆ ನಾನೂ ಹೆಂಚು ಅಂತಲೇ ಹೇಳ್ತೀನಿ. ಆದರೆ ಆ ಹೆಂಚು ಒಡೆದದ್ದು ಅರಮನೆಗೆ ದುಡ್ಡು ಹೋದದ್ದರಿಂದ ಅಲ್ಲ. ಶಾಲೆಗೂ ಕಟ್ಟಡದ ದುಡ್ಡು ಬಂತು, ವರ್ಷವರ್ಷ ಕೈಯಾಡಿಸೋ ದುಡ್ಡು ಬರಲಿಲ್ಲ. ಅರಮನೆಯನ್ನು ಬಿಟ್ಟುಬಿಟ್ಟರೆ ಹೆಂಚು ತಾನಾಗೇ ಬರುತ್ತೆ ಅನ್ನೋ ಲೆಕ್ಕ ಯಾವ ಬಜೆಟ್‌ನಲ್ಲೂ ನಾನು ಕಂಡಿಲ್ಲ.

ಆವತ್ತು ರೈಲಿನಲ್ಲಿ ಅವ್ವನ ಹತ್ತಿರ ಇನ್ನೊಂದು ವಿಷಯ ಎತ್ತಿದೆ. ನಮ್ಮ ಅಟ್ಟದ ಮೇಲೆ ತಾತನ ಕಾಲದ ಕೂರಿಗೆ ಇದೆ. ರಾಗಿ, ಜೋಳ ಬಿತ್ತಿದ್ದು. ಟ್ರ್ಯಾಕ್ಟರ್ ಬಂದಮೇಲೆ ಇಳಿಸಿಲ್ಲ. ನಾನು ಬೆಂಗಳೂರಲ್ಲಿ, ತಮ್ಮ ಫ್ಯಾಕ್ಟರಿ ಕೆಲಸದಲ್ಲಿ, ಅಪ್ಪ ಇಲ್ಲ. "ಮ್ಯೂಸಿಯಂನವರಿಗೆ ಕೊಟ್ಟುಬಿಡೋಣ್ವಾ ಅವ್ವ? ನಾಕು ಜನ ನೋಡ್ತಾರೆ" ಅಂದೆ.

ಅವ್ವ ಕಿಟಕಿ ಆಚೆ ನೋಡ್ತಾ ಇದ್ದವಳು ತಿರುಗಿದಳು. "ಕೊಡನ ಬುಡು. ಆದ್ರ ಅಲ್ಲಿ ಮಳೆ ಬಂದ್ರ ಯಾರು ಎತ್ತಿಡರು?"

ನಮ್ಮ ಮನೆಯೂ ಸೋರುತ್ತಿತ್ತು. ಹೆಂಚಿನ ಮನೆ. ಮಳೆ ಹನಿ ಶುರುವಾದ ಕೂಡಲೇ ಅವ್ವ ಎದ್ದು ಪಾತ್ರೆ ಇಡೋಳು, ರಾಗಿ ಚೀಲ ಜರುಗಿಸೋಳು, ಕೂರಿಗೆ ಮೇಲೆ ಗೋಣಿತಾಟು ಎಳೆಯೋಳು. ವರ್ಷಕ್ಕೊಮ್ಮೆ ಅಪ್ಪ ಹೆಂಚು ತಿರುವೋನು. ಆ ಕೂರಿಗೆಗೆ ಇವತ್ತಿಗೂ ಗೆದ್ದಲು ಹಿಡಿಯದೆ ಉಳಿದದ್ದು ಹಾಗೆ. ಯಾವ ನಿಧಿಯೂ ಬರಲಿಲ್ಲ. ಎದ್ದು ಹೋಗಿ ಎತ್ತಿಡೋರು ಒಬ್ಬರು ಇದ್ದರು, ಅಷ್ಟೇ.

ಜಯಲಕ್ಷ್ಮೀವಿಲಾಸಕ್ಕೆ ಬೇಕಾಗಿರೋದೂ ಅದೇ. ದೊಡ್ಡ ದಾನ ಬರಲಿ, ಬೇಡ ಅನ್ನಲ್ಲ. ಅದರ ಜೊತೆಗೆ ಪ್ರತಿವರ್ಷದ ಬಜೆಟ್‌ನಲ್ಲಿ ಕಡಿತ ಮಾಡಬಾರದ ಒಂದು ಸಣ್ಣ ಸಾಲು ಇರಲಿ: ಏಣಿ, ಗಾರೆ, ಇಬ್ಬರು ಆಳು, ಒಬ್ಬ ಕಾವಲಿನವನು. ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯಕ್ಕೂ ಅಂಥದ್ದೇ ಸಾಲು ಬೇಕು, ಪಾಠ ಮಾಡೋರ ಸಂಬಳದ್ದು. ಮುಂದಿನ ಸಲ ಯಾರಾದರೂ ಮಂತ್ರಿ ಏನನ್ನಾದರೂ ಉದ್ಘಾಟನೆ ಮಾಡಿದಾಗ ಎಷ್ಟು ಕೋಟಿ ಅಂತ ಕೇಳೋದು ಬಿಟ್ಟು, ನಡೆಸೋಕೆ ವರ್ಷಕ್ಕೆ ಎಷ್ಟು ಇಟ್ಟಿದ್ದೀರಿ ಅಂತ ಕೇಳೋಣ.

ಕೂರಿಗೆ ಸದ್ಯಕ್ಕೆ ಅಟ್ಟದ ಮೇಲೇ ಇದೆ. ಹೋದ ವಾರ ತಮ್ಮನಿಗೆ ಹೇಳಿ ಹೆಂಚು ತಿರುವಿಸಿದೆ.