ಹತ್ತನೇ ಕಾಲಂ

ನಮ್ಮ ಕಡೆಯ ಹೆಣ್ಣುಮಕ್ಕಳು ಎಷ್ಟೇ ಓದಿಕೊಂಡವರಾದರೂ ಓದುವ ಗೋಜಿಗೆ ಹೋಗದ ಕಾಗದಗಳು ಎರಡು. ಒಂದು ಡಾಕ್ಟರರ ಚೀಟಿ, ಇನ್ನೊಂದು ಪಹಣಿ. ಮೊದಲನೆಯದನ್ನು ಔಷಧಿ ಅಂಗಡಿಯ ಹುಡುಗ ಓದಿಕೊಳ್ಳುತ್ತಾನೆ. ಎರಡನೆಯದನ್ನು ಮನೆಯ ಗಂಡಸರು ಓದಿಕೊಂಡಿರುತ್ತಾರೆ ಎಂಬ ನಂಬಿಕೆಯ ಮೇಲೆ ನಾವು ಅದನ್ನು ಬೀರುವಿನಲ್ಲಿ, ಮದುವೆ ಸೀರೆಯ ಅಡಿಯಲ್ಲಿ, ನುಸಿಗುಳಿಗೆಯ ವಾಸನೆಯ ಜೊತೆ ಜೋಪಾನ ಮಾಡುತ್ತೇವೆ. ಮಳೆಗಾಲ ಕಳೆದ ಮೇಲೆ ಹೊರಗೆ ತೆಗೆದು ಬಿಸಿಲು ಕಾಣಿಸಿ ಮತ್ತೆ ಒಳಗಿಡುವವರೂ ನಾವೇ. ಅದರಲ್ಲಿ ಏನು ಬರೆದಿದೆ ಎಂದು ಯಾರಾದರೂ ಕೇಳಿದರೆ, “ಅದೆಲ್ಲ ಅವರಿಗೆ ಗೊತ್ತು” ಅನ್ನುತ್ತೇವೆ.

ಪಹಣಿ ಎಂದರೆ ಜಮೀನಿನ ಜಾತಕ ಎಂದುಕೊಳ್ಳಿ. ಆರ್‌ಟಿಸಿ ಎಂದರೂ ಅದೇ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಕಂದಾಯ, ಮಣ್ಣು, ಮರ, ನೀರು ಎಂದೆಲ್ಲ ಮನೆಗಳಿರುತ್ತವೆ. ಒಂಬತ್ತನೇ ಕಾಲಮ್ಮಿನಲ್ಲಿ ಸ್ವಾಧೀನದಾರರ ಹೆಸರು. ಹತ್ತನೆಯದರಲ್ಲಿ ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದು: ಕ್ರಯವೋ, ವಿಭಾಗವೋ, ದಾನವೋ, ಪೌತಿಯೋ, ಮತ್ತು ಆ ಬದಲಾವಣೆಯ ಎಂಆರ್ ಸಂಖ್ಯೆ. ಹನ್ನೊಂದರಲ್ಲಿ ಇತರರ ಹಕ್ಕು ಮತ್ತು ಋಣ. ಬ್ಯಾಂಕಿನ ಸಾಲ ಇದ್ದರೆ ಅಲ್ಲಿ ಕೂತಿರುತ್ತದೆ. ಎಲ್ಲರ ಕಣ್ಣೂ ಒಂಬತ್ತರ ಮೇಲೆ. ನನ್ನ ಕೇಳಿದರೆ ಕತೆ ಇರುವುದು ಹತ್ತರಲ್ಲಿ.

ಮಿಡಿ ಉಪ್ಪಿನಕಾಯಿ ಹಾಕುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಟ್ಟದ ಮೇಲೆ ಆರು ಭರಣಿಗಳಿದ್ದರೆ ಆರೂ ಹೊರಗಿನಿಂದ ಒಂದೇ ಥರ. ಬಾಯಿಗೆ ಕಟ್ಟಿದ ಬಟ್ಟೆಗೆ ನಮ್ಮಜ್ಜಿ ಒಂದು ಚೀಟಿ ಸಿಕ್ಕಿಸುತ್ತಿದ್ದಳು. ಯಾವ ಮರದ ಅಪ್ಪೆಮಿಡಿ, ಉಪ್ಪಿಗೆ ಹಾಕಿದ್ದು ಯಾವಾಗ, ಖಾರ ಬೆರೆಸಿದ್ದು ಯಾರು. ಕೊನೆಯದು ಬಹಳ ಮುಖ್ಯ. ಕೆಟ್ಟರೆ ಯಾರ ಕೈ ಒದ್ದೆ ಇತ್ತು ಎಂದು ತಿಳಿಯಬೇಕಲ್ಲ! ಉಪ್ಪಿನಕಾಯಿ ಬೇರೆ, ಉಪ್ಪಿನಕಾಯಿಯ ವಿವರ ಬೇರೆ. ಕಂಪ್ಯೂಟರಿನವರು ಈ ಚೀಟಿಗೆ ಮೆಟಾಡೇಟಾ ಎಂಬ ದೊಡ್ಡ ಹೆಸರಿಟ್ಟಿದ್ದಾರೆ. ಅವರ ಶಾಸ್ತ್ರದಲ್ಲಿ ಇನ್ನೂ ಒಂದು ನಿಯಮ ಉಂಟು: ಕಡತದಲ್ಲಿ ಏನಾದರೂ ಬದಲಾದರೆ ಸಂಬಂಧಪಟ್ಟವರಿಗೆ ಸುದ್ದಿ ಮುಟ್ಟಬೇಕು. ಆ ಸಂಬಂಧಪಟ್ಟವರು ಯಾರು ಎಂದು ತಿಳಿಯುವುದು ಹೇಗೆ? ಚೀಟಿ ನೋಡಿ. ಚೀಟಿಯಲ್ಲಿ ಹೆಸರಿದ್ದವರಿಗೆ ಸುದ್ದಿ.

ನಮ್ಮ ಕಂದಾಯದ ಕಾನೂನೂ ಹೀಗೇ ಹೇಳುತ್ತದೆ, ಕಂಪ್ಯೂಟರು ಬರುವುದಕ್ಕೆ ಎಷ್ಟೋ ಮೊದಲೇ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 129ನೆಯ ಪ್ರಕರಣದ ಪ್ರಕಾರ ಖಾತೆ ಬದಲಾವಣೆಯ ರಿಜಿಸ್ಟರಿನಲ್ಲಿ ಹೊಸದಾಗಿ ಏನನ್ನು ಬರೆದರೂ ಅದರ ಪೂರ್ಣ ಪ್ರತಿಯನ್ನು ಚಾವಡಿಯಲ್ಲಿ ಎದ್ದು ಕಾಣುವ ಕಡೆ ಅಂಟಿಸಬೇಕು. ಜೊತೆಗೆ, ದಾಖಲೆಗಳಿಂದ ಯಾರು ಸಂಬಂಧಪಟ್ಟವರು ಎಂದು ಕಾಣುತ್ತದೋ ಅವರಿಗೆ ಲಿಖಿತವಾಗಿ ತಿಳಿಸಬೇಕು. ಇನ್ನಾರಿಗಾದರೂ ಸಂಬಂಧವಿದೆ ಎಂದು ಅಧಿಕಾರಿಗೆ ಅನ್ನಿಸಿದರೆ ಅವರಿಗೂ. ತಕರಾರು ಇದ್ದವರು ಅವಧಿಯೊಳಗೆ ಬರೆದುಕೊಡಬೇಕು. ಬಹಳ ಕಾಲ ಈ ಅವಧಿ 30 ದಿನ ಇತ್ತು, ಈಚೆಗೆ ಕಿರಿದಾಗಿದೆ. ನ್ಯಾಯವಾದ ಕಾನೂನೇ. ಆದರೆ ಮದುವೆಯಾಗಿ ಊರು ಬಿಟ್ಟ ಹೆಣ್ಣುಮಗಳು ಯಾವ ಚಾವಡಿಗೆ ಹೋಗಿ ಯಾವ ಗೋಡೆ ಓದಬೇಕು? ಆ ದಾಖಲೆಯಲ್ಲಿ ಅವಳ ಹೆಸರೇ ಇಲ್ಲದಿದ್ದರೆ ಅವಳು ಸಂಬಂಧಪಟ್ಟವಳು ಎಂದು ಯಾರಿಗೆ ಕಾಣಬೇಕು?

ನಮ್ಮಮ್ಮನ ವಿಷಯದಲ್ಲಿ ಆದದ್ದು ಇಷ್ಟೇ. ಅವಳ ತವರು ಮಲೆನಾಡಿನ ಸೆರಗಿನ ಒಂದು ಹಳ್ಳಿ. ಊರು, ತಾಲ್ಲೂಕುಗಳ ಹೆಸರು ಬೇಡ. ಅಜ್ಜ ತೀರಿಕೊಂಡದ್ದು 1996ರಲ್ಲಿ. ಮೂರು ಜನ ಸೋದರಮಾವಂದಿರು, ಅಮ್ಮ, ಚಿಕ್ಕಮ್ಮ, ಒಟ್ಟು ಐವರು ಮಕ್ಕಳು. 2018ರಲ್ಲಿ ಏನೋ ಕೆಲಸಕ್ಕೆಂದು ನಾನು ಆ ಜಮೀನಿನ ಪಹಣಿ ತೆಗೆಸಿದೆ. ಒಂಬತ್ತರಲ್ಲಿ ಮೂರು ಹೆಸರು, ಹತ್ತರಲ್ಲಿ ‘ಪೌತಿ’ ಎಂದೂ ಒಂದು ಎಂಆರ್ ಸಂಖ್ಯೆಯೂ ಇತ್ತು. ಆ ಸಂಖ್ಯೆ ಹಿಡಿದು ಅರ್ಜಿ ಹಾಕಿದಾಗ ಹಳೆಯ ಕಡತದ ನಕಲು ಬಂತು. ಅದರಲ್ಲಿ ವಂಶವೃಕ್ಷ. ಅಜ್ಜನ ಹೆಸರಿನಿಂದ ಮೂರು ಗೆರೆ ಕೆಳಗಿಳಿದಿದ್ದವು. ನೋಟೀಸು ಚಾವಡಿಗೆ ಅಂಟಿಸಿದ್ದಾಯಿತು, ಯಾರಿಂದಲೂ ತಕರಾರು ಬರಲಿಲ್ಲ ಎಂದು ಒಂದು ಷರಾ.

ತಕರಾರು ಎಲ್ಲಿಂದ ಬರಬೇಕು? ಆ ತಿಂಗಳು ಅಮ್ಮ ಶಿವಮೊಗ್ಗದಲ್ಲಿ ನನ್ನ ತಂಗಿಯ ಬಾಣಂತನ ಮಾಡುತ್ತಿದ್ದಳು.

ಅಮ್ಮ ಆ ಕಾಗದವನ್ನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಎಕರೆ ಗುಂಟೆಯ ಲೆಕ್ಕ ಕೇಳಲಿಲ್ಲ. ಬೆರಳಿನಿಂದ ಆ ಮೂರು ಗೆರೆಗಳ ನಡುವಿನ ಜಾಗವನ್ನು ಸವರಿ, “ಇದರ ಪ್ರಕಾರ ನಾನು ಹುಟ್ಟೇ ಇಲ್ಲ ನೋಡು” ಅಂದಳು. ನಗುತ್ತಲೇ ಅಂದಳು. ಆಮೇಲೆ ಎದ್ದು ಹೋಗಿ ಹಾಲು ಕಾಯಿಸಿದಳು.

ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಇದನ್ನು ನೀವೂ ತಿಳಿದಿರಿ, ಏಕೆಂದರೆ “ಖಾತೆ ಆಗಿಹೋಗಿದೆ, ಇನ್ನೇನು” ಎಂಬ ಒಂದೇ ಮಾತಿಗೆ ಎಷ್ಟೋ ಜನ ಸುಮ್ಮನಾಗುತ್ತಾರೆ. ಪಹಣಿಯಲ್ಲಿ ಇರುವುದು ನಿಜ ಎಂದು ಕಾನೂನು ಭಾವಿಸುತ್ತದೆ, ಅದೂ ತಪ್ಪೆಂದು ತೋರಿಸುವ ತನಕ ಮಾತ್ರ. ಖಾತೆ ಕಂದಾಯ ವಸೂಲಿಯ ಅನುಕೂಲಕ್ಕಿರುವುದು, ಅದೊಂದೇ ಒಡೆತನ ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ತಂದೆಯ ಪಾಲಿನಲ್ಲಿ ಮಗಳಿಗೆ 1956ರ ಉತ್ತರಾಧಿಕಾರ ಕಾಯ್ದೆಯಿಂದಲೇ ಹಕ್ಕಿದೆ. ಪಿತ್ರಾರ್ಜಿತದಲ್ಲಿ ಮಗನ ಸಮಕ್ಕೆ ನಿಲ್ಲಿಸುವ ಕೆಲಸವನ್ನು ಕರ್ನಾಟಕ 1994ರಲ್ಲೇ ಮಾಡಿತು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಹಾಗೆಂದು ಎಲ್ಲ ಹಳೆಯ ವಿಭಾಗಗಳನ್ನೂ ಕೆದಕಬಹುದು ಎಂದಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗ ಪತ್ರಗಳು ಹಾಗೇ ನಿಲ್ಲುತ್ತವೆ. ನಮ್ಮ ಅಜ್ಜನ ಮನೆಯಲ್ಲಿ ಅಂಥದೊಂದು ಪತ್ರ ಇರಲಿಲ್ಲ. ಇದ್ದದ್ದು ಆ ಮೂರು ಗೆರೆ ಮಾತ್ರ.

ಅದೇ ವರ್ಷ ಆನವಟ್ಟಿ ಕಡೆ ಒಂದು ಮದುವೆಗೆ ಹೋದಾಗ ಅಮ್ಮ, “ಇಲ್ಲೇ ಕುಬಟೂರು, ಕೋಟೀಶ್ವರನಿಗೆ ಕೈಮುಗಿದು ಬರೋಣ” ಅಂದಳು. ಮುಖ್ಯಮಂತ್ರಿಯಾಗಿದ್ದ ಬಂಗಾರಪ್ಪನವರ ಹುಟ್ಟೂರು ಎಂದೇ ಈಗ ಹೆಚ್ಚು ಜನಕ್ಕೆ ಅದರ ಪರಿಚಯ. ಕೈಟಭೇಶ್ವರ ದೇವಾಲಯ ಸುಮಾರು 1100ರದ್ದು, ಚಾಲುಕ್ಯರ ವಿಕ್ರಮಾದಿತ್ಯನ ಕಾಲ. ಕನ್ನಡಿಯ ಹಾಗೆ ಕಡೆದ ಕಂಬಗಳ ದೊಡ್ಡ ಮಂಟಪ, ಒಳಗೆ ತಂಪು. ಬಿಸಿಲಿನಲ್ಲಿ ರೇಷ್ಮೆ ಸೀರೆ ಉಟ್ಟು ಹೋದವರಿಗೆ ಅದರ ಬೆಲೆ ಗೊತ್ತು.

ನನ್ನ ತಲೆಯಲ್ಲಿ ಇದ್ದದ್ದು ಆ ಊರಿನ ಬಸದಿಯ ಶಾಸನ. ಅದು 1077ರದ್ದು. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟದಲ್ಲಿ ಸೊರಬದ ಕಲ್ಲುಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು ಅಚ್ಚು ಹಾಕಿಸಿದಾಗ ಇದೂ ಸೇರಿತು. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಅಲ್ಲಿ ಪಾರ್ಶ್ವನಾಥ ಬಸದಿ ಮಾಡಿಸಿದಳು, ಅದಕ್ಕೆ ದತ್ತಿ ಬಿಡಿಸಿದಳು. ಅಗ್ರಹಾರದ ಬ್ರಾಹ್ಮಣರು ಅದಕ್ಕೆ ಬ್ರಹ್ಮಜಿನಾಲಯ ಎಂಬ ಹೆಸರು ಕೊಟ್ಟರು. ಹಳೆಯ ದಾನಶಾಸನಗಳನ್ನು ನೋಡಿ, ಸಾಮಾನ್ಯವಾಗಿ ಎಲ್ಲ ವಿವರವೂ ಇರುತ್ತದೆ: ಕೊಟ್ಟವರು, ಪಡೆದವರು, ತಿಥಿವಾರ, ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿ, ಅಳಿಸಿದವನಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ. ನೆಟ್ಟ ಜಾಗವೂ ಎಲ್ಲರೂ ಓಡಾಡುವ ಜಾಗ. ಕಲ್ಲಿನ ದಾಖಲೆ, ನೋಟೀಸು ಎರಡೂ ಒಂದೇ.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಕಂಬಕ್ಕೆ ಒರಗಿ ಕೂತು ಕೇಳಿ, “ರಾಣಿಯಾಗಿದ್ದಕ್ಕೆ ಬರೆದರು ಬಿಡು” ಅಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಲ್ಲಿನ ನಂತರ ಬಂದದ್ದು ಕಡತ. ಈಗ ಆಫೀಸಿನ ಫೈಲಿಗೆಲ್ಲ ಕಡತ ಅನ್ನುತ್ತೇವೆ; ಮೂಲದಲ್ಲಿ ಅದು ಹುಣಸೆಬೀಜದ ಸರಿ, ಇದ್ದಿಲು ಬಳಿದು ಮಡಿಸಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥವನ್ನು ಇಟ್ಟಿದ್ದಾರೆ. ಶಾನುಭೋಗರ ಮನೆಯ ದಫ್ತರದಲ್ಲಿ ಏನು ಒರೆಸಿತು, ಏನು ಉಳಿಯಿತು ಎಂದು ಶಾನುಭೋಗರಿಗೇ ಗೊತ್ತು. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾಯ್ದೆ ತೆಗೆದುಹಾಕಿ, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಪಹಣಿ ಮಾತ್ರ ಕೈಬರಹದ್ದೇ ಆಗಿತ್ತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ಬಂದು, ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ, 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿಗೆ ಪಹಣಿ ಕೈಗೆ ಬಂತು. ಬದಲಾವಣೆ ಮಾಡುವ ನೌಕರ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು, ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು. ಒಳ್ಳೆಯ ಕೆಲಸವೇ, ನಾನು ಕೊಂಕು ನುಡಿಯುವುದಿಲ್ಲ. ಆದರೆ ಕಂಪ್ಯೂಟರು ಇದ್ದದ್ದನ್ನು ನಕಲು ಮಾಡಿತು. ಇಲ್ಲದವರು ಇಲ್ಲದವರಾಗಿಯೇ ನಕಲಾದರು.

ಈಗಿನ ಅನುಕೂಲವೆಂದರೆ ಚಾವಡಿಯ ಗೋಡೆಗಾಗಿ ಊರಿಗೆ ಹೋಗಬೇಕಾಗಿಲ್ಲ. ತವರಿನ ಹೋಬಳಿ, ಗ್ರಾಮ, ಸರ್ವೆ ನಂಬರು ಗೊತ್ತಿದ್ದರೆ ಕೂತಲ್ಲೇ ಫೋನಿನಲ್ಲಿ ಪಹಣಿ ಕಾಣುತ್ತದೆ. ಖಾತೆ ಬದಲಾವಣೆಯ ಅರ್ಜಿ ಎಲ್ಲಿಯವರೆಗೆ ಬಂದಿದೆ ಎಂಬುದೂ ಕಾಣುತ್ತದೆ. ಟೀವಿ ಧಾರಾವಾಹಿಯ ಜಾಹೀರಾತಿನ ವೇಳೆ ಸಾಕು. ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ 2024ರಿಂದೀಚೆಗೆ ನಡೆದಿದೆ. ಪಹಣಿಗೆ ಆಧಾರ್ ಜೋಡಿಸುವುದೂ ಅದೇ ವರ್ಷ ಭರದಿಂದ ನಡೆಯಿತು. ಜೋಡಿಸುವಾಗ ಫೋನಿಗೆ ಒಂದು ಒಟಿಪಿ ಬರುತ್ತದೆ ನೋಡಿ, ಅಲ್ಲಿ ನನಗೆ ನಗು ಬರುತ್ತದೆ. ನಮ್ಮ ಬೀದಿಯಲ್ಲಿ ವಿಚಾರಿಸಿದೆ. ಹೆಂಗಸರ ಆಧಾರಿಗೆ ಇರುವ ನಂಬರುಗಳಲ್ಲಿ ಕೆಲವು ಗಂಡನದು, ಕೆಲವು ಮಗನದು, ಒಬ್ಬರದು ಬೆಂಗಳೂರಿಗೆ ಹೋದ ಅಳಿಯನದು! ಗೋಡೆಯಿಂದ ಇಳಿದ ನೋಟೀಸು ಗಂಡಸರ ಜೇಬಿಗೆ ಹೋಯಿತು, ಅಷ್ಟೇ. ಆ ನಂಬರು ಬದಲಿಸಲು ಆಧಾರ್ ಕೇಂದ್ರದಲ್ಲಿ ಅರ್ಧ ಗಂಟೆಯ ಕೆಲಸ. ಪಾರ್ಲರಿಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಅಮ್ಮ ಕೋರ್ಟಿಗೆ ಹೋಗಲಿಲ್ಲ. ದೀಪಾವಳಿಗೆ ತವರಿಗೆ ಹೋದಾಗ ಆ ನಕಲನ್ನು ಒಯ್ದು ಕಿರಿಯ ಮಾವನ ಮುಂದೆ ಇಟ್ಟಳು.

“ಬೇಡ ಅಂತ ಬಿಟ್ಟಿದ್ದಲ್ಲ ಅಕ್ಕಾ. ಆಗ ಎಲ್ಲರ ಮನೇಲೂ ಹಂಗೇ ಬರೆಸ್ತಿದ್ರು” ಅಂದ ಮಾವ.

“ಗದ್ದೆ ಮಾತು ಆಮೇಲೆ ಆಡಣ ತಮ್ಮಾ. ಮೊದಲು ಅಪ್ಪಯ್ಯಂಗೆ ಐದು ಮಕ್ಕಳು ಅಂತ ಬರೆಸು.”

ಮಾವ ತಲೆ ತಗ್ಗಿಸಿ ಕೂತ. ಅತ್ತೆ ಒಳಗಿನಿಂದ ಬಂದು, “ಬರೆಸಿ ಅಂದ್ರೆ. ಅವರು ಸುಳ್ಳು ಹೇಳ್ತಿದಾರಾ?” ಅಂದಳು. ಅವಳೂ ಒಂದು ಮನೆಯ ಮಗಳಲ್ಲವೇ. ಮುಂದಿನ ಬೇಸಿಗೆಯಲ್ಲಿ ನಾಡಕಚೇರಿಗೆ ಅರ್ಜಿ, ಅಫಿಡವಿಟ್ಟು, ಊರವರ ಮಹಜರು ಎಲ್ಲ ಆಗಿ ಹೊಸ ವಂಶವೃಕ್ಷ ಬಂತು. ಐದು ಗೆರೆ. ಗದ್ದೆಯ ಮಾತು ಇನ್ನೂ ಮುಗಿದಿಲ್ಲ. ಹಿರಿಯ ಮಾವನಿಗೆ ಈ ವಿಷಯ ಹಿಡಿಸಲಿಲ್ಲ, ಎರಡು ವರ್ಷ ನಮ್ಮ ಮನೆಯ ಹಬ್ಬಕ್ಕೆ ಬರಲಿಲ್ಲ. ಅಮ್ಮ ಪ್ರತಿ ಸಲ ಕರೆದಳು.

ಆ ಮಾವ 2023ರಲ್ಲಿ ತೀರಿಕೊಂಡ. ಅವನಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ಗಂಡನ ಮನೆಯಲ್ಲಿದ್ದಾರೆ. ವೈಕುಂಠ ಸಮಾರಾಧನೆ ಮುಗಿದ ಸಂಜೆ ಅಮ್ಮ ದೊಡ್ಡವಳನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ತಿಂಗಳ ನಂತರ ಆ ಹುಡುಗಿ ಅಣ್ಣನ ಜೊತೆ ತಾನೂ ಅರ್ಜಿ ಕೊಡಲು ಹೋದಳಂತೆ. ಫೋನ್ ನಂಬರಿನ ಜಾಗ ಬಂದಾಗ ಒಳಗೆ ಕೂತಿದ್ದವರು, “ಮನೆಯವರ ನಂಬರು ಹೇಳಮ್ಮ” ಅಂದರಂತೆ. ಇವಳು ತನ್ನದನ್ನೇ ಹೇಳಿದಳಂತೆ. ಅಣ್ಣ ಒಂದು ಸಲ ಇವಳ ಮುಖ ನೋಡಿ ಸುಮ್ಮನಾದ.

ಸಂದೇಶ ಬಂದ ದಿನ ಅವಳು ಅದನ್ನು ಹಾಗೇ ಅಮ್ಮನ ಫೋನಿಗೆ ಕಳಿಸಿದಳು. ಅಮ್ಮ ರೊಟ್ಟಿ ತಟ್ಟುತ್ತಿದ್ದಳು, ಕೈಯೆಲ್ಲ ಹಿಟ್ಟು. ನಾನು ಓದಿ ಹೇಳಿದೆ. ಅರ್ಜಿ ಸಂಖ್ಯೆಯನ್ನು ಕ್ಯಾಲೆಂಡರಿನ ಹಿಂದೆ ಬರೆದಿಡು ಅಂದಳು.