ಗ್ಯಾಸ್ ಎಲ್ಲಿಗೆ ಹೋಯಿತು?

‘ಬೆಂಗಳೂರಿಗೆ ಎಸಿ ಯಾಕೆ?’ ಎನ್ನುವ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. 1994ರಲ್ಲಿ, ನಾನಿನ್ನೂ ಹುಟ್ಟುವ ಮೊದಲು, ಅಪ್ಪ ಎಸಿ ಇರುವ ಮಾರುತಿ 800 ಕೊಂಡಾಗ ನೆಂಟರು ದುಂದುಗಾರಿಕೆ ಎಂದಿದ್ದರಂತೆ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿದ ಮೇಲೆ ಆ ಮಾತು ನಮ್ಮ ಹೊಸ ತಿಪ್ಪಸಂದ್ರದ ಬೀದಿಯಲ್ಲಿ ಕೇಳಿಸಿಲ್ಲ.

ನಮಗೆ ಎಸಿ ಸೆಕೆಗಿಂತ ಹೆಚ್ಚಾಗಿ ಅಮ್ಮನ ಉಬ್ಬಸಕ್ಕೆ ಬೇಕು. ಸುರಂಜನ್‌ದಾಸ್ ರಸ್ತೆ ದಾಟಿ ಹಳೇ ಮದ್ರಾಸ್ ರಸ್ತೆಗೆ ಬಂದರೆ ಧೂಳು, ಹೊಗೆ. ಕಿಟಕಿ ಏರಿಸಲೇಬೇಕು, ಏರಿಸಿದರೆ ಒಳಗೆ ಕುದಿ. ಕಳೆದ ಬೇಸಿಗೆಯಲ್ಲಿ ಎಸಿ ಉಗುರುಬೆಚ್ಚಗಿನ ಗಾಳಿ ಬಿಡತೊಡಗಿದಾಗ ಅಮ್ಮ ಕೆ.ಆರ್. ಪುರದ ಚಿಕ್ಕಮ್ಮನ ಮನೆಗೆ ಹೋಗುವುದನ್ನೇ ನಿಲ್ಲಿಸಿದಳು. ಅಪ್ಪ ಕಾರು ಮಾರುವ ಮಾತೆತ್ತಿದ.

ಮೊದಲ ಅಂಗಡಿಯಲ್ಲಿ ಗ್ಯಾಸ್ ತುಂಬಿಸಿದೆವು. ಏನೂ ಬದಲಾಗಲಿಲ್ಲ. ಎರಡನೆಯವರು ಕಂಪ್ರೆಸರ್ ಹಾಕಿಸಿ ಅಂದರು. ಪಿಎಚ್‌ಡಿ ಮಾಡುತ್ತಿರುವ ನನ್ನ ಫೆಲೋಶಿಪ್ ಬರುವುದೇ ತಡವಾಗಿ. ಅದನ್ನು ನಂಬಿ ಹೂಂ ಅನ್ನಲು ಧೈರ್ಯ ಬರಲಿಲ್ಲ. ಹಲಸೂರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆವು. ಅವರು ಗೇಜ್ ಹಾಕಿ ಗ್ಯಾಸಿನ ಒತ್ತಡ ನೋಡಿದರು. ಆಮೇಲೆ ಇಂಜಿನ್ನಿನಿಂದ ಕಾರಿನೊಳಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಮುಟ್ಟಿ ನೋಡಿದರು. ಎರಡೂ ಸುಡುತ್ತಿದ್ದವು.

“ಗ್ಯಾಸ್ ಸರಿಗಿದೆ ಸಾರ್. ಹೀಟರ್ ಬಂದ್ ಆಗಿಲ್ಲ.”

ಕಾರಿನ ಹೀಟರ್ ಎಂದರೆ ಒಂದು ಪುಟ್ಟ ರೇಡಿಯೇಟರ್. ಇಂಜಿನ್ನಿನ ಬಿಸಿನೀರು ಅದರೊಳಗೆ ಹರಿಯುತ್ತದೆ; ಡ್ಯಾಶ್‌ಬೋರ್ಡಿನ ಸನ್ನೆ ಒಂದು ಕೇಬಲ್ ಎಳೆದು ನೀರಿನ ವಾಲ್ವನ್ನು ತೆರೆಯುತ್ತದೆ, ಮುಚ್ಚುತ್ತದೆ. ನಮ್ಮ ಕಾರಿನ ಸನ್ನೆ ನೀಲಿಯ ಕಡೆಗೇ ಇತ್ತು. ಆದರೆ ಮೂವತ್ತು ವರ್ಷದ ಕೇಬಲ್ ಸಡಿಲವಾಗಿ ವಾಲ್ವ್ ಅರ್ಧ ತೆರೆದೇ ಉಳಿದಿತ್ತು. ಎಸಿ ತಣ್ಣಗೆ ಮಾಡಿದ ಗಾಳಿಯನ್ನು ಹೀಟರ್ ಮತ್ತೆ ಬಿಸಿಮಾಡಿ ಕಳಿಸುತ್ತಿತ್ತು. ಅವರು ಒಂದು ಪೈಪನ್ನು ಇಕ್ಕಳದಲ್ಲಿ ಮೆಲ್ಲಗೆ ಅದುಮಿ ಹಿಡಿದರು. ಕೆಲವೇ ನಿಮಿಷಗಳಲ್ಲಿ ತಂಪು ಗಾಳಿ ಬಂತು. ಕೇಬಲ್ ಬಿಗಿ ಮಾಡಿದ್ದಕ್ಕೆ ಇನ್ನೂರು ರೂಪಾಯಿ.

“ಮತ್ತೆ ಗ್ಯಾಸ್ ಯಾವಾಗ ತುಂಬಿಸ್ಬೇಕು?” ಎಂದು ಅಪ್ಪ ಕೇಳಿದ.

“ಅದೇನು ಪೆಟ್ರೋಲಾ ಸಾರ್, ಉರಿದು ಖಾಲಿಯಾಗೋಕೆ? ಕಮ್ಮಿಯಾದ್ರೆ ಎಲ್ಲೋ ಲೀಕ್ ಇದೆ ಅಂತ ಅರ್ಥ. ಮೊದ್ಲು ಅದನ್ನ ಹುಡುಕ್ಬೇಕು.”

ಎಸಿಯ ಗ್ಯಾಸ್ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಒಳಗಿನ ಬಿಸಿಯನ್ನು ಹೊತ್ತು ಮುಂದಿನ ಕಂಡೆನ್ಸರ್‌ನಲ್ಲಿ ಇಳಿಸಿ ಮರಳುತ್ತದೆ. ಆ ಕಾಲದ ಕಾರುಗಳಲ್ಲಿ ಇರುತ್ತಿದ್ದದ್ದು ಆರ್-12. ಅಂಥ ಅನಿಲಗಳು ಓಝೋನ್ ಪದರವನ್ನು ಹರಿಯುತ್ತವೆ ಎಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಸೇರಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಕೆಡುಕು ಮಾಡದು, ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಿಸಿಯನ್ನು ಹಿಡಿದಿಡುತ್ತದೆ. ಸೋರಿಕೆ ಹುಡುಕದೆ ಪ್ರತಿ ಬೇಸಿಗೆ ತುಂಬಿಸಿದರೆ, ತುಂಬಿಸಿದ್ದೆಲ್ಲ ಆಕಾಶಕ್ಕೇ.

ಬಿಸಿಯೂ ಹಾಗೆಯೇ, ಮಾಯವಾಗುವುದಿಲ್ಲ. ತಿಪ್ಪಸಂದ್ರ ಮಾರ್ಕೆಟ್ ರಸ್ತೆಯಲ್ಲಿ ಕಾರು ನಿಂತಾಗ ನಮ್ಮೊಳಗಿನ ಸೆಕೆ ಹೊರಗೆ ಹೂವು ಮಾರುವವಳ ಮುಖಕ್ಕೆ ಬಡಿಯುತ್ತದೆ. ಅಮ್ಮನ ಉಸಿರು ನನಗೆ ಬೇಕು. ಆ ಹೆಂಗಸಿಗೂ ಉಸಿರಿದೆ. ಇದನ್ನು ಬಗೆಹರಿಸುವ ಕೇಬಲ್ ನನಗೆ ಸಿಕ್ಕಿಲ್ಲ.

ಕಾರಿನ ಆರ್‌ಸಿ 2029ರವರೆಗೆ ಇದೆ. ಅಪ್ಪ ಮಾರುವ ಮಾತು ಬಿಟ್ಟಿದ್ದಾನೆ. ಅಮ್ಮ ಕೆ.ಆರ್. ಪುರಕ್ಕೆ ಬೆಳಿಗ್ಗೆ ಏಳಕ್ಕೆಲ್ಲ ಹೊರಡುತ್ತಾಳೆ. ಆ ಹೊತ್ತಿಗೆ ಧೂಳು ಕಡಿಮೆ, ಅರ್ಧ ದಾರಿ ಎಸಿ ಬೇಕಾಗುವುದಿಲ್ಲ.