ಹುಣಸೂರು ಸೀಮೆಯ ಹಳೆಯ ಜೀಪುಗಳು

ಎಡತೊರೆಯ ಅರ್ಕೇಶ್ವರಸ್ವಾಮಿಯ ಗುಡಿಯ ಬಳಿ ಕಾವೇರಿಯು ಇಂದಿಗೂ ಹಿಂದಿನಂತೆಯೇ ಹರಿಯುತ್ತಿರುವಳು. ಹೊಳೆಯ ಪ್ರವಾಹಭಯವು ತಪ್ಪದಿದ್ದುದರಿಂದ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಸಮೀಪದಲ್ಲಿಯೇ ಹೊಸ ಪಟ್ಟಣವನ್ನು ಕಟ್ಟಿ, ಅದಕ್ಕೆ ಪ್ರಭುಗಳ ಹೆಸರನ್ನೇ ಇಟ್ಟರು. ರೈಲು ನಿಲ್ದಾಣದ ಹಲಗೆಯ ಮೇಲೆ ಕೃಷ್ಣರಾಜನಗರ ಎಂಬುದನ್ನು ಮಾತ್ರ ಓದಿಕೊಂಡು ಊರಿನ ವಯಸ್ಸನ್ನು ನಿಶ್ಚಯಿಸಹೊರಟವನನ್ನು ಕಂಡರೆ ಗುಡಿಯ ಕಲ್ಲುಗಳು ನಕ್ಕಾವು. ನಾವು ಈ ಸೀಮೆಗೆ ಹೊರಟುದು ಗುಡಿಗಳಿಗಾಗಿಯಲ್ಲ, ಹಳೆಯ ಜೀಪುಗಳಿಗಾಗಿ. ಆದರೆ ಹಲಗೆಯ ಮಾತೊಂದು, ಅಡಿಪಾಯದ ಮಾತೊಂದು ಎಂಬ ನ್ಯಾಯವು ಎರಡಕ್ಕೂ ಸಲ್ಲುವುದು.

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಎಂಬೀ ನಾಲ್ಕು ಕಡೆಗಳ ವಾಹನಗಳ ಹಣೆಯ ಮೇಲೆ ಈಗ ಸಾಮಾನ್ಯವಾಗಿ ಕೆಎ 45 ಎಂಬ ಬರಹ ಕಾಣುವುದು. ಇದು ಹುಣಸೂರಿನ ಸಾರಿಗೆ ಕಚೇರಿಯ ಗುರುತು. ಕೆಎ ಎಂಬ ಅಕ್ಷರಗಳು ಬಂದುದೇ 1989ರ ಈಚೆಗೆ. ಆದುದರಿಂದ ನಂಬರು ಹಲಗೆಯು ಗಾಡಿಯು ಯಾವ ಕಚೇರಿಯ ಲೆಕ್ಕಕ್ಕೆ ಸೇರಿತೆಂಬುದನ್ನು ಹೇಳೀತೇ ಹೊರತು ಎಂದು ಹುಟ್ಟಿತೆಂಬುದನ್ನು ಹೇಳಲಾರದು.

ಹುಣಸೂರಿಗೂ ಗಾಲಿಗೂ ಇರುವ ನಂಟು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಸೈನ್ಯದ ಅಮೃತಮಹಲ್ ದನಗಳ ಠಾಣ್ಯವೂ, ಚರ್ಮ ಕಂಬಳಿಗಳ ಕಾರ್ಖಾನೆಗಳೂ, ಗಾಡಿಗಳನ್ನು ಮಾಡುವ ಮರದ ಅಂಗಳವೂ ಇದ್ದುವು. ಸರ್ಕಾರದ ಕಾರ್ಖಾನೆಗಳು ಹೋದರೂ ಮರದ ವ್ಯಾಪಾರವು ಊರನ್ನು ಬಿಡಲಿಲ್ಲ. ಮರ, ತಂಬಾಕು, ಪಡುವಣದ ಕೊಡಗಿನ ಕಾಫಿ ಇವುಗಳೊಡನೆ ಬೆಳೆದ ಈ ಸೀಮೆಗೆ ಕೆಸರಿನಲ್ಲಿ ಹೂತುಹೋಗದೆ ನಾಲ್ಕು ಗಾಲಿಗಳಿಂದಲೂ ಎಳೆಯುವ ಜೀಪು ಒಗ್ಗಿದುದರಲ್ಲಿ ಆಶ್ಚರ್ಯವಿಲ್ಲ.

ಜೀಪುಗಳಲ್ಲಿಯೂ ಎರಡು ಕುಲಗಳುಂಟು. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ 1945ರ ವರೆಗೆ ಅಮೆರಿಕದಲ್ಲಿ ವಿಲ್ಲೀಸ್ ಕಂಪನಿಯವರು ಸುಮಾರು 3,60,000 ಜೀಪುಗಳನ್ನೂ, ಅದೇ ನಕ್ಷೆಯ ಮೇಲೆ ಫೋರ್ಡ್ ಕಂಪನಿಯವರು ಸುಮಾರು 2,78,000 ಜೀಪುಗಳನ್ನೂ ಮಾಡಿದರು. ಯುದ್ಧ ತೀರಿದ ಮೇಲೆ ಉಳಿದವು ಹರಾಜಿನಲ್ಲಿ ಜನರ ಕೈಸೇರಿದುವು. ಇದು ಒಂದು ಕುಲ. ಸ್ವಾತಂತ್ರ್ಯಾನಂತರ ಮುಂಬಯಿಯಲ್ಲಿ ಮಹೀಂದ್ರ ಕಂಪನಿಯವರು ವಿಲ್ಲೀಸರ ಒಪ್ಪಿಗೆಯಿಂದ ಜೋಡಿಸತೊಡಗಿದುದು ಇನ್ನೊಂದು. ಮುಂಭಾಗದ ಜಾಲರಿಯ ಸೀಳುಗಳನ್ನು ಎಣಿಸಿದರೆ ಮಕ್ಕಳೂ ಇವನ್ನು ಬೇರ್ಪಡಿಸಬಹುದು. ಯುದ್ಧದ ಜೀಪಿನ ಅಚ್ಚೊತ್ತಿದ ಜಾಲರಿಗೆ ಒಂಬತ್ತು ಸೀಳುಗಳು, ನಾಗರಿಕ ಜೀಪಿಗೆ ಏಳು. ಆದರೆ ಜಾಲರಿಯನ್ನು ಬಿಚ್ಚಿ ಬೇರೆಯದನ್ನು ಕೂಡಿಸುವುದು ಅರ್ಧ ದಿನದ ಕೆಲಸವಾದುದರಿಂದ ಎಣಿಕೆಯೊಂದನ್ನೇ ನಂಬಲಾಗದು.

ಪಿರಿಯಾಪಟ್ಟಣದ ಬಳಿಯ ಒಂದು ಹಳ್ಳಿಯಲ್ಲಿ, ತಂಬಾಕು ಬೇಯಿಸುವ ಬ್ಯಾರನ್ನಿನ ಮಗ್ಗುಲ ಕೊಟ್ಟಿಗೆಯಲ್ಲಿ, ಎಡಗಡೆ ಚಕ್ರವಿರುವ ಜೀಪೊಂದು ನಿಂತಿತ್ತು. ಮನೆಯ ಅಣ್ಣತಮ್ಮಂದಿರಲ್ಲಿ ಹಿಸ್ಸೆಯ ಮಾತು ನಡೆಯುತ್ತಿದ್ದ ಸಮಯ. ಜೀಪನ್ನು ಪೇಟೆಯ ಗಿರಾಕಿಯೊಬ್ಬನಿಗೆ ಕೊಟ್ಟುಬಿಡುವುದೆಂದು ತಮ್ಮನ ಅಭಿಪ್ರಾಯ. ಆರ್‌ಸಿ ಪುಸ್ತಕದಲ್ಲಿ 1962 ಎಂದಿತ್ತು. ಇಂಜಿನಿನ ನಂಬರಿಗೂ ಚಾಸಿ ನಂಬರಿಗೂ ತಾಳೆಯಾಗದೆ ಇದ್ದುದರಿಂದ, ಇದು ಎರಡು ಗಾಡಿಗಳನ್ನು ಕೂಡಿಸಿ ಮಾಡಿದ್ದೆಂದು ಗಿರಾಕಿಯು ಬೆಲೆಯನ್ನು ಇಳಿಸಿದ್ದನು. “ನಮ್ಮಪ್ಪಾಜಿ ಯುದ್ಧದ ಗಾಡಿ ಅಂತಲೇ ಹೇಳೋರು ಸ್ವಾಮಿ, ಅವರು ಸುಳ್ಳು ಹೇಳೋರಲ್ಲ” ಎಂದು ಅಣ್ಣನು ಮತ್ತೆ ಮತ್ತೆ ಹೇಳುತ್ತಿದ್ದನು. ತೀರಿಕೊಂಡ ತಂದೆಯ ಮಾತು ನಿಲ್ಲುವುದೋ ಬೀಳುವುದೋ ಎಂಬುದೇ ಅವನಿಗೆ ಬೆಲೆಗಿಂತ ದೊಡ್ಡದಾಗಿತ್ತು.

ಯುದ್ಧದ ಜೀಪಿನಲ್ಲಿ ಚಾಲಕನ ಪಕ್ಕದವನ ಮುಂದಿರುವ ಪೆಟ್ಟಿಗೆಯ ಮುಚ್ಚಳದ ಮೇಲೆ ಮೂರು ತಗಡುಗಳಿರುವುವು. ಅವುಗಳಲ್ಲೊಂದು ಗಾಡಿಯ ಹೆಸರನ್ನೂ, ಕ್ರಮಸಂಖ್ಯೆಯನ್ನೂ, ಸೈನ್ಯಕ್ಕೆ ಒಪ್ಪಿಸಿದ ತಾರೀಖನ್ನೂ ಹೇಳುವುದು. ಒಪ್ಪಿಸಿದ ದಿನವೇ ಕಟ್ಟಿದ ದಿನವಲ್ಲವಾದರೂ ಯುದ್ಧಕಾಲದ ಅವಸರದಲ್ಲಿ ಎರಡಕ್ಕೂ ಬಹಳ ಅಂತರವಿರಲಿಲ್ಲ. ಬಟ್ಟೆಗೆ ಸೀಮೆಎಣ್ಣೆ ಮುಟ್ಟಿಸಿ ಒರೆಸಲಾಗಿ 12-5-43 ಎಂಬ ಅಂಕಿಗಳು ಮೂಡಿದುವು. ಮನೆಯವರೆಲ್ಲ ಮೇ ತಿಂಗಳ ಹನ್ನೆರಡು ಎಂದು ಓದಿದರು. ಅಮೆರಿಕದವರಾದರೋ ತಿಂಗಳನ್ನು ಮೊದಲು ಬರೆಯುವರು. ಆದುದರಿಂದ ಅದು 1943ರ ಡಿಸೆಂಬರು ಐದು. ಏಳು ತಿಂಗಳ ಅಂತರವು ಇಷ್ಟು ಚಿಕ್ಕ ಅಭ್ಯಾಸಭೇದದಲ್ಲಿ ಅಡಗಿರುವುದು ವಿನೋದವಾಗಿದೆ.

ತಗಡೊಂದೇ ಸಾಕ್ಷಿಯಲ್ಲ. ಹೊಸ ತಗಡುಗಳು ಅಂಗಡಿಯಲ್ಲಿ ದೊರೆಯುತ್ತವೆ, ಬೇಕಾದ ತಾರೀಖನ್ನು ಕುಟ್ಟಿಕೊಳ್ಳಬಹುದು. ವಿಲ್ಲೀಸ್ ಜೀಪಿಗೆ ಮುಂದಿನ ಬಂಪರಿನ ಹಿಂದೆ, ಎಡದ ಉದ್ದಕಂಬಿಯ ಒಳಮಗ್ಗುಲಿಗೆ ರಿವೆಟ್ಟು ಹೊಡೆದ ಚಿಕ್ಕ ಬಿಲ್ಲೆಯೊಂದಿರುವುದು. ಅದರ ಸಂಖ್ಯೆಯೂ ಒಳಗಿನ ತಗಡಿನ ಸಂಖ್ಯೆಯೂ ಒಂದಾಗಬೇಕು. ಇಲ್ಲಿ ಎರಡೂ ಒಂದಾದುವು, ಆರ್‌ಸಿ ಪುಸ್ತಕದ ಚಾಸಿ ನಂಬರೂ ಅದೇ ಆಗಿತ್ತು. ಇನ್ನು ಇಂಜಿನಿನ ಮಾತು. ಫೋರ್ಡ್ ಜೀಪಿನಲ್ಲಿ ಇಂಜಿನಿಗೂ ಚೌಕಟ್ಟಿಗೂ ಕಾರ್ಖಾನೆಯಲ್ಲಿಯೇ ಒಂದೇ ನಂಬರನ್ನು ಕೊಡುತ್ತಿದ್ದರು. ವಿಲ್ಲೀಸರು ಹಾಗೆ ಮಾಡಲಿಲ್ಲ. ಅಲ್ಲಿ ಎರಡು ಸಂಖ್ಯೆಗಳೂ ಹುಟ್ಟಿನಿಂದಲೇ ಬೇರೆ. ಗಿರಾಕಿಯು ದೋಷವೆಂದು ತೋರಿಸಿದುದು ವಿಲ್ಲೀಸಿನಲ್ಲಿ ದೋಷವೇ ಅಲ್ಲ. ಇದನ್ನು ಕೇಳಿ ತಮ್ಮನು ಒಂದು ಮಾತನ್ನೂ ಆಡದೆ ಒಳಗೆ ಹೋಗಿ ಎಲ್ಲರಿಗೂ ಕಾಫಿ ತರಿಸಿದನು. ಮಾರಾಟದ ಮಾತು ಅಂದಿಗೆ ನಿಂತಿತು.

ಈ ಕ್ರಮವು ನಮ್ಮವರಿಗೆ ಹೊಸತಲ್ಲ. ಬಿ. ಎಲ್. ರೈಸರವರು ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಪ್ರಕಟಿಸಿದರು. ಶಕವರ್ಷ, ಸಂವತ್ಸರ, ತಿಥಿ, ವಾರ ಇವು ಒಂದಕ್ಕೊಂದು ಹೊಂದಿದರೆ ಮಾತ್ರ ಶಾಸನದ ಕಾಲವನ್ನು ಪಂಡಿತರು ಒಪ್ಪುವರು. ಒಂದು ತಪ್ಪಿದರೆ ಸಂಶಯ ಹುಟ್ಟುವುದು. ಜೀಪಿನ ವಿಷಯದಲ್ಲಿಯೂ ತಗಡು, ಬಿಲ್ಲೆ, ಇಂಜಿನು, ಪುಸ್ತಕ ಇವುಗಳನ್ನು ಹೀಗೆಯೇ ಎದುರುಬದುರು ನಿಲ್ಲಿಸಿ ಕೇಳಬೇಕು. ಇಂದಿನ ಹದಿನೇಳು ಅಕ್ಷರಗಳ ಚಾಸಿ ನಂಬರಾದರೆ ಒಂದು ನಿಯಮಕ್ಕೆ ಒಳಪಟ್ಟಿದೆ. ಹಳೆಯ ಗಾಡಿಗಳಲ್ಲಿ ಕಾರ್ಖಾನೆಗೊಂದು ಭಾಷೆ.

ಗೃಹಸ್ಥರು ತಿಳಿದಿರಬೇಕಾದ ಇನ್ನೊಂದು ವಿಷಯವುಂಟು. 2021ರಲ್ಲಿ ಕೇಂದ್ರ ಸರ್ಕಾರವು ಪುರಾತನ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಮಾಡಿತು. ಮೊದಲ ನೋಂದಣಿಯಿಂದ 50 ವರ್ಷಗಳು ಕಳೆದು, ಚಾಸಿ, ಮೈ, ಇಂಜಿನುಗಳಲ್ಲಿ ಹೆಚ್ಚಿನ ಮಾರ್ಪಾಡಿಲ್ಲದ ವಾಹನಕ್ಕೆ ಆ ನೋಂದಣಿ ದೊರೆಯುವುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ. ಬಾಡಿಗೆಗಾಗಲಿ ದಿನನಿತ್ಯದ ಸಂಚಾರಕ್ಕಾಗಲಿ ಅಂಥ ವಾಹನವನ್ನು ಬಳಸುವಂತಿಲ್ಲ. ಕಾನೂನು ಎಣಿಸುವುದು ನೋಂದಣಿಯ ದಿನದಿಂದಲೇ ಹೊರತು ಕಾರ್ಖಾನೆಯ ದಿನದಿಂದಲ್ಲ ಎಂಬುದನ್ನು ಗಮನಿಸಬೇಕು. ಆದುದರಿಂದ ಹಳೆಯ ಪುಸ್ತಕವನ್ನು ಇಲಿ ಕಡಿಯದಂತೆ ಕಾಪಾಡುವುದು ಜೀಪಿಗೆ ಎಣ್ಣೆ ಹಾಕುವಷ್ಟೇ ಅವಶ್ಯವಾದುದು.

ಕೋಟೆಯ ಕಡೆಗೆ ಹೋದಂತೆಲ್ಲ ಕಾಡು ಹತ್ತಿರವಾಗುವುದು. ಖೆಡ್ಡಾಗಳಿಗೆ ಹೆಸರಾಗಿದ್ದ ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆದು, ಮುಂದೆ ಆ ನೆಲದ ಬಹುಭಾಗವು ಕಬಿನಿಯ ನೀರಿನಲ್ಲಿ ಮುಳುಗಿತು. ಹೆಗ್ಗಡದೇವನಕೋಟೆಯ ಒಂದು ಗ್ಯಾರೇಜಿನ ಹಿಂದೆ, ಲಂಟಾನದ ಪೊದೆಯಲ್ಲಿ, ಮೂತಿ ಮಾತ್ರ ಕಾಣುವಂತೆ ಜೀಪೊಂದು ಹೂತುಕೊಂಡಿತ್ತು. ತಗಡುಗಳಿದ್ದ ಜಾಗದಲ್ಲಿ ಬರಿಯ ತೂತುಗಳು. ಪುಸ್ತಕವೂ ಇಲ್ಲ. ಗ್ಯಾರೇಜಿನ ಹುಡುಗನು ಬಗ್ಗಿ, ಮುಂದಿನ ಅಡ್ಡಕಂಬಿಯನ್ನು ಕೈಯಿಂದ ತಡವಿ ನೋಡಿದನು. ವಿಲ್ಲೀಸಿನಲ್ಲಿ ಅದು ದುಂಡು ಕೊಳವೆ. ಫೋರ್ಡಿನಲ್ಲಿ ಕವುಚಿಹಾಕಿದ ದೋಣಿಯಂತಹ ಪಟ್ಟಿ. “ದುಂಡಗಿಲ್ಲ ಸಾರ್” ಎಂದನು. ಹಾಗಾದರೆ ಫೋರ್ಡೇ ಎಂದು ಬಾನೆಟ್ಟನ್ನು ಎತ್ತಿಸಿ, ಇಂಜಿನಿನ ಪಕ್ಕದಲ್ಲಿ ಎಡದ ಉದ್ದಕಂಬಿಯ ಮೇಲಿದ್ದ ಜಿಡ್ಡನ್ನೂ ಹಲವು ಪದರದ ಬಣ್ಣವನ್ನೂ ಕೆರೆಸಲಾಗಿ ಜಿಪಿಡಬ್ಲ್ಯೂ ಎಂಬ ಮೂರು ಅಕ್ಷರಗಳೂ ಅವುಗಳ ಮುಂದೆ ಸಂಖ್ಯೆಯೂ ಕಂಡುವು. ಹುಡುಗನು ಅದನ್ನು ಯಾವುದೋ ಮದುವೆಯ ಕರೆಯೋಲೆಯ ಬೆನ್ನಿಗೆ ಬರೆದುಕೊಂಡು, ಇಂಜಿನಿನ ನಂಬರನ್ನು ಹುಡುಕಲು ಬಲಮಗ್ಗುಲಿಗೆ ಹೋದನು.